ಕವರಿಗೆ ಬಂದ ಅಕ್ಕ

ಮಾರ್ಚ್ ೧೪, ಗುರುವಾರ

ವಾರದಿಂದ ತಲೆ ತಿನ್ನುತ್ತಿದ್ದ ಜಾನಪದ ಗಾಯಕರ ಆಲ್ಬಂ ಕವರ್ ಕೊನೆಗೂ ಮುಗಿಯಿತು. ಬೆಳಿಗ್ಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: “ನಮ್ಮಕ್ಕ ಎಲ್ಲಿ?”

ಹಿಂದೆ ನಿಂತು ದನಿಗೂಡಿಸುವ ಅಕ್ಕನನ್ನು, ಗಾಯಕರ ಹೆಸರಿಗೆ ಜಾಗ ಸಾಲದೆಂದು ನಾನೇ ಫೋಟೊದಿಂದ ಕತ್ತರಿಸಿದ್ದೆ.

“ಹೆಸರು ಚಿಕ್ಕದಾಗ್ಲಿ ಬಿಡಪ್ಪ. ಅವಳಿಲ್ದಿದ್ರೆ ನಂಗೆ ಹಾಡೇ ಬರಲ್ಲ.”

ಅಕ್ಕನನ್ನು ವಾಪಸ್ ತಂದೆ, ಹೆಸರು ಮೂಲೆಗೆ ಸರಿಯಿತು. ಈಗ ನೋಡಿದರೆ ಚಿತ್ರವೇ ಹಾಡುತ್ತಿರುವಂತಿದೆ! ಪೋಸ್ಟರಿಗೂ ಅದನ್ನೇ ಹಾಕಿ ಅವರಿಗೆ ಕಳಿಸಿದೆ.

ಸಂಜೆ ಅಕ್ಕನದೇ ಫೋನು. “ಮೊದಲೇ ಹೇಳಿದ್ರೆ ತಲೆನಾದ್ರೂ ಬಾಚ್ಕೊಳ್ತಿದ್ದೆನಲ್ಲಪ್ಪ! ಊರ ಗೋಡೆಗೆಲ್ಲ ಇದೇ ಅವತಾರನಾ?” ಬೈಯುತ್ತಲೇ ನಗುತ್ತಿದ್ದರು.

ಕಂಪ್ಯೂಟರಿನಲ್ಲಿ ಆ ಕೂದಲನ್ನು ಸರಿಮಾಡುವುದು ಎರಡು ನಿಮಿಷದ ಕೆಲಸ. ಮಾಡುವುದಿಲ್ಲ. ನಾಳೆ ಇನ್ನಷ್ಟು ಬೈದರೆ ಬೈಸಿಕೊಂಡರಾಯಿತು, ಈಗಂತೂ ಕಣ್ಣು ಎಳೆಯುತ್ತಿದೆ…