ಶನಿವಾರದ ಜೊತೆ

ಮನೆಯಿಂದ,
ಮಾರ್ಚ್ ೬, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬೀ,

ಕರ್ತನ ಕೃಪೆ ನಿನ್ನ ಮೇಲಿರಲಿ, ಆ ಹಾಸ್ಟೆಲ್ಲಿನ ಗಟ್ಟಿ ಮಂಚದ ಮೇಲೂ ಇರಲಿ. ಹೇಗಿದ್ದೀಯೇ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲಾ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ನೋಡುತ್ತಾ ಹಸಿವನ್ನೇ ಮರೆತುಬಿಡುತ್ತೀಯೋ? ಫೋನಿನಲ್ಲಿ ಕೇಳಿದರೆ ‘ಹ್ಞೂಂ ಅಜ್ಜಿ, ಎಲ್ಲಾ ಚೆನ್ನಾಗಿದೆ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನು ನಡುವೆ ಕಟ್ ಮಾಡಲು ನಿನ್ನಿಂದಾಗದು. ನಿಮ್ಮಪ್ಪ ಕ್ಷೇಮ. ಮೀಸೆಗೆ ಬಣ್ಣ ಹಚ್ಚಲು ಶುರುಮಾಡಿದ್ದಾನೆ, ನಗಬೇಡ. ನಿನ್ನ ಕೋಣೆ ಹಾಗೇ ಇದೆ. ಒಗೆದ ಬಟ್ಟೆ ಮಡಚುವ ನೆಪದಲ್ಲಿ ದಿನಾ ಹೋಗಿ ನಿನ್ನ ಹಾಸಿಗೆಯ ಮೇಲೆ ಕೂತು ಬರುತ್ತೇನೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಕಣೇ.

ಶನಿವಾರ ಬಂದರಂತೂ ಹೇಳಲಾಗದ ಸಂಕಟ. ಪ್ರತಿ ಶನಿವಾರ ಕಾಯಿಲೆಯವರ ಮನೆಗೆ ಪ್ರಾರ್ಥನೆಗೆ ಹೋಗುವಾಗ ದೊಡ್ಡವರೊಬ್ಬರು, ಚಿಕ್ಕವರೊಬ್ಬರು ಜೊತೆಯಾಗಿ ಹೋಗಬೇಕೆಂಬುದು ನಮ್ಮ ಚರ್ಚಿನ ಸಭೆಯಲ್ಲಿ ಮೊದಲಿನಿಂದ ನಡೆದುಬಂದದ್ದು. ನಾನು ಚಿಕ್ಕವಳಿದ್ದಾಗ ನನ್ನನ್ನು ಕೈಹಿಡಿದು ಕರೆದೊಯ್ದವರು ಆಸ್ಪತ್ರೆಯ ದಾದಿಯಮ್ಮ. ಉಪದೇಶ ಗಿಪದೇಶ ಏನೂ ಇಲ್ಲ. ವಾಪಸು ಬರುವ ದಾರಿಯಲ್ಲಿ ಒಂದೇ ಪ್ರಶ್ನೆ: ‘ಇವತ್ತು ಏನು ಕೇಳಿಸ್ಕೊಂಡೆ?’ ನಾನು ಏನು ಪ್ರಾರ್ಥಿಸಿದೆ, ಎಷ್ಟು ವಚನ ಹೇಳಿದೆ ಎಂದು ಅವರು ಕೇಳಿದ್ದೇ ಇಲ್ಲ. ನಾನು ನಿನ್ನನ್ನು ಕರೆದೊಯ್ಯುವಾಗಲೂ ಅದನ್ನೇ ಕೇಳುತ್ತಿದ್ದೆ. ನನಗೆ ಬೇರೇನೂ ಕಲಿಸಲು ಬರುತ್ತಿರಲಿಲ್ಲ.

ನೀನು ಹೋದ ಮೇಲೆ ನನಗೆ ಜೊತೆ ಸಿಕ್ಕವಳು ಬೇಕರಿಯವನ ಮಗಳು, ಎಲ್ಲರೂ ಪಟಾಕಿ ಎಂದು ಕರೆಯುತ್ತಾರಲ್ಲ, ಅವಳೇ. ಹೆಸರಿಗೆ ತಕ್ಕ ಬಾಯಿ. ಹೋದ ತಿಂಗಳು ಗಡಿಯಾರ ರಿಪೇರಿಯ ತಾತನನ್ನು ನೋಡಲು ಹೋಗಿದ್ದೆವು. ಅವರು ಹಾಸಿಗೆ ಹಿಡಿದು ಬಹಳ ಕಾಲವಾಯಿತು. ನಾನು ಸೊಸೆಯ ಜೊತೆ ಔಷಧಿಯ ವಿಷಯ ಮಾತಾಡುತ್ತಿದ್ದಾಗ ಪಟಾಕಿ ಅವರ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಪ್ರಾರ್ಥನೆ ಮಾಡಮ್ಮಾ ಎಂದೆ. ಕಣ್ಣು ಮುಚ್ಚಿದಳು, ಬಾಯಿ ತೆರೆದಳು: ‘ಸ್ವಾಮೀ, ತಾತಂಗೆ ಸಾಕಾಗಿದೆಯಂತೆ. ನೋವಿಲ್ಲದ ಹಾಗೆ ಬೇಗ ಕರ್ಕೋ, ಆಮೆನ್.’

ಅಯ್ಯೋ ದೇವರೇ! ಸೊಸೆಯ ಮುಖ ಕೆಂಡವಾಯಿತು. ಆದರೆ ತಾತ ನಕ್ಕರು ಕಣೇ ಗುಬ್ಬಿ, ನಕ್ಕು ನಕ್ಕು ಅತ್ತರು. ‘ಮನೆಯವರೆಲ್ಲ ವಾಸಿಯಾಗುತ್ತೆ ಅಂತಾರೆ, ಈ ಮಗು ಒಂದೇ ನನ್ನ ಮಾತು ಕೇಳಿದ್ದು’ ಎಂದು ಅವಳ ಕೈಯನ್ನು ಬಿಡಲೇ ಇಲ್ಲ. ಅವರು ಇನ್ನೂ ಇದ್ದಾರೆ, ಈಗ ರಾತ್ರಿ ನಿದ್ದೆ ಬರುತ್ತದೆಯಂತೆ. ಸೊಸೆ ಮಾತ್ರ ಪಾಸ್ಟರ ಮನೆಗೇ ಹೋಗಿ, ‘ನಮ್ಮ ಮಾವನ್ನ ಸಾಯಿಸೋಕೆ ಕಳಿಸ್ತೀರಾ?’ ಎಂದು ರಂಪ ಮಾಡಿದಳು. ಪಾಪ, ಅವಳದೂ ಹೆದರಿಕೆಯೇ.

ಹಿರಿಯರು ಸಭೆ ಸೇರಿ, ಇನ್ನು ಮೇಲೆ ಮಕ್ಕಳು ಬೇಡ ಎಂದುಬಿಟ್ಟರು. ನಾನು ಸುಮ್ಮನಿರುತ್ತೇನೆಯೇ? ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ವಚನ ಉರು ಹೊಡೆಸಿದರೆ ಬಹುಮಾನ ಗೆಲ್ಲುತ್ತಾರೆ, ಅಳುವವರ ಪಕ್ಕದಲ್ಲಿ ಕೂರಲು ಯಾವಾಗ ಕಲಿಯುತ್ತಾರೆ ಎಂದು ಜಗಳಕ್ಕೇ ಇಳಿದೆ. ಕಡೆಗೆ ಪಾಸ್ಟರು, ‘ಅಜ್ಜಿಗೆ ವಯಸ್ಸಾಯ್ತು, ಹುಡುಗಿಗೆ ಇನ್ನೂ ತಿಳಿವಳಿಕೆ ಸಾಲದು. ನಡುವಿನವರು ಯಾರಾದರೂ ಜವಾಬ್ದಾರಿ ತಗೊಂಡ್ರೆ ನಡೆಸೋಣ, ಇಲ್ಲಾಂದ್ರೆ ಈ ಪದ್ಧತಿ ಇಲ್ಲಿಗೆ ಸಾಕು’ ಎಂದರು. ಭಾನುವಾರದ ಆರಾಧನೆ ಪೂರ್ತಿ ಚರ್ಚಿನ ಬೆಂಚುಗಳ ಮೇಲೆ ಕಣ್ಣಾಡಿಸಿದೆ. ಬಿಳಿ ಕೂದಲಿನವರಿದ್ದಾರೆ, ಹಾಲುಹಲ್ಲಿನವರಿದ್ದಾರೆ. ನಡುವಿನವರೆಲ್ಲ ನಿನ್ನ ಹಾಗೆ ಕೆಲಸದ ಊರುಗಳಲ್ಲಿದ್ದಾರೆ. ಪಟಾಕಿ ಒಂದು ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಿದ್ದಳು. ಅವಳು ಬಾಯಿ ಮುಚ್ಚಿದ್ದನ್ನು ನೋಡಿ ನನಗೆ ಅಳು ಬಂತು.

ಪ್ರಾರ್ಥನೆಗೆ ಕೂತರೆ ಮಾತೇ ಹುಟ್ಟುವುದಿಲ್ಲ, ನಾನು ಯಾರಿಗೆ ಏನು ಹೇಳಲಿ ಎಂದು ನೀನು ಕ್ರಿಸ್ಮಸ್ಸಿಗೆ ಬಂದಾಗ ಹೇಳಿದೆಯಲ್ಲ. ಅದಕ್ಕೆ ಉತ್ತರ ಈಗ ಹೇಳುತ್ತೇನೆ: ನಿಮ್ಮ ತಾತ ತೀರಿಕೊಂಡ ವರ್ಷ ನನಗೂ ಒಂದು ಮಾತು ಹುಟ್ಟಲಿಲ್ಲ. ಆದರೂ ಶನಿವಾರ ನೀನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ, ಬೇರೆ ದಾರಿಯಿಲ್ಲದೆ ನಾನೂ ಹೊರಡುತ್ತಿದ್ದೆ. ನಾನು ನಿನ್ನನ್ನು ನಡೆಸಿದೆ ಎಂದು ಊರೆಲ್ಲ ಹೊಗಳುತ್ತಾರೆ. ಯಾರು ಯಾರನ್ನು ನಡೆಸಿದರೋ ಆ ಕರ್ತನಿಗೇ ಗೊತ್ತು. ನಿನಗೂ ಒಂದು ಚಿಕ್ಕ ಕೈ ಬೇಕು ಗುಬ್ಬೀ, ಹಿಡಿದುಕೊಳ್ಳಲು.

ಬೆಚ್ಚಗೆ ಹೊದ್ದು ಮಲಗು. ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ದೇವರು ಕಾಯಲಿ. ಹಾಸ್ಟೆಲ್ಲಿನ ಅಡುಗೆಯಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನದೇ ನೆನಪಿನಲ್ಲಿರುವ
ಅಜ್ಜಿ

ವಿ.ಸೂ.: ನಿಮ್ಮಪ್ಪ ಅಂಚೆಗೆ ಹಾಕಲು ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಬರುವ ವಾರದ ಶನಿವಾರ ಭೇಟಿಯ ಮನೆ ನಮ್ಮದೇ. ಕಾಯಿಲೆಯವಳು ನಾನು. ಎದೆ ಬಡಿತ ಸರಿಯಿಲ್ಲ, ಮೆಟ್ಟಿಲು ಇಳಿಯಬೇಡಿ ಎಂದಿದ್ದಾರೆ ಡಾಕ್ಟರು. ಪಟಾಕಿಗೆ ಬರುವ ಆಸೆ, ಆದರೆ ಹಿರಿಯರು ಅವಳೊಬ್ಬಳನ್ನೇ ಕಳಿಸುವುದಿಲ್ಲವಂತೆ. ದೊಡ್ಡವಳಾಗಿ ಅವಳ ಜೊತೆ ನೀನು ಬಾ. ರೈಲಿನಲ್ಲಿ ಸೀಟು ಸಿಗದಿದ್ದರೆ ನಿಂತುಕೊಂಡಾದರೂ ಬಾ ಮಗಳೇ.