ಎಮ್ಮೆಯ ಗಿಣ್ಣ

ಅವ್ವಾ,

ನೀನು ಇದ್ದಿದ್ದರೆ ನಗುತ್ತಿದ್ದೆ. ಬಾಣಂತಿಯರಿಗೆ ಹಾಲುಣಿಸುವುದನ್ನು ಹೇಳಿಕೊಡುವ ಕೆಲಸಕ್ಕೆಂದು ಸೇಡಂನಲ್ಲಿ ತರಬೇತಿಗೆ ಸೇರಿದ್ದೇನೆ. ಇವತ್ತು ತರಗತಿಯಲ್ಲಿ ಪಾತ್ರ ಹಂಚಿದರು. ನಾನು ಹಟಮಾರಿ ಅಜ್ಜಿ, ಮುಧೋಳದ ಶ್ರುತಿ ಅಜ್ಜಿಯ ಮನೆಗೆ ಬಂದು ಬುದ್ಧಿ ಹೇಳುವ ಶಿಕ್ಷಕಿ. ನನ್ನ ಮಡಿಲಲ್ಲೊಂದು ಬಟ್ಟೆಯ ಗೊಂಬೆ ಇಟ್ಟರು.

ನಾನೇನೂ ಯೋಚಿಸಲಿಲ್ಲ. ಬಾಯಿ ತೆರೆದರೆ ನನ್ನ ಬಾಣಂತನದಲ್ಲಿ ನೀನಾಡಿದ ಮಾತೇ ಬಂತು.

"ಮೊದಲಿನ ಹಳದಿ ಹಾಲು ಕೂಸಿಗಿ ಜಡ ಆಗ್ತದವ್ವಾ, ಹಿಂಡಿ ಚೆಲ್ಲು. ಈಗ ಬೆಲ್ಲದ ನೀರೇ ಸಾಕು. ಐದು ಹಡದಾಕಿ ನಾ, ನನಗ ತಿಳಿಯಂಗಿಲ್ಲೇನು?"

ಎಲ್ಲರೂ ನಕ್ಕರು. ಶ್ರುತಿ ನಗಲಿಲ್ಲ.

"ಆಯಿ, ಎಮ್ಮಿ ಈದ್ರ ಮೊದಲಿನ ಹಾಲು ಚೆಲ್ಲತೀರೇನ್ರಿ? ಗಿಣ್ಣ ಮಾಡಿ ಓಣಿಗೆಲ್ಲ ಹಂಚತೀರಿ. ನಿಮ್ಮ ಮೊಮ್ಮಗಗ ಅಷ್ಟೇ ಯಾಕ ಬ್ಯಾಡ್ರಿ?"

ಅಜ್ಜಿ ಇನ್ನೂ ವಾದ ಮಾಡಬೇಕಿತ್ತು. ನಾನು ಗೊಂಬೆಯನ್ನು ಎದೆಗವಚಿಕೊಂಡೆ. ಅದೂ ನಟನೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ಗೊಂಬೆಯನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.

ನನ್ನ ಕೂಸು ಹೋದ ದಿನ ನೀನು "ಋಣ ಇರಲಿಲ್ಲ ಬಿಡು" ಅಂದಿದ್ದೆ. ಆಮೇಲೆ ನೀನೂ ಹೋಗುವ ತನಕ ನಮ್ಮಿಬ್ಬರಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನಾಳೆ ಶಿಕ್ಷಕಿಯ ಪಾತ್ರ ನನ್ನದಂತೆ. ಉತ್ತರ ಈಗ ಬಾಯಿಪಾಠವಾಗಿದೆ. ಯಾರಿಗೆ ಹೇಳಲಿ?

ನಿನ್ನನ್ನು ಬೈಯಬೇಕೆಂದೇ ಬರೆಯಲು ಕುಳಿತೆ. ಆದರೆ ನನ್ನ ಹೆರಿಗೆಯ ಮುಂಚಿನ ವಾರವೇ ನಮ್ಮ ಎಮ್ಮೆ ಈದಿತ್ತು. ನೀನು ಮಾಡಿದ ಗಿಣ್ಣವನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡು ತಿಂದವಳು ನಾನು.