ನಾಲ್ಕಕ್ಷರ, ಒಳಗೆ ಎರಡು ಓ

ಮನೆಯಿಂದ
ಗುರುವಾರ, ಹದಿನೇಳನೇ ತಾರೀಖು

ಪೂಜ್ಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಹತ್ತಲು ಮೆಟ್ಟಿಲಿಲ್ಲ, ಎದುರುತ್ತರ ಕೊಡುವ ಸೊಸೆಯಿಲ್ಲ. ಎರಡೂ ಮಂಡಿಗೆ ಒಳ್ಳೆಯದೇ ಇರಬೇಕು. ನೋವಿನ ಎಣ್ಣೆಯ ಸೀಸೆಯನ್ನು ಬಚ್ಚಲುಮನೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದೀರಿ, ಇದರ ಜೊತೆ ಕಳಿಸುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಬರೆಯುವುದಿಲ್ಲ. ಪಾಪು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುತ್ತಾನೆ, ನಾನು ಎರಡು ಹೊತ್ತೂ ಎದ್ದಿರುತ್ತೇನೆ. ಅಕ್ಷರ ಸೊಟ್ಟಗಾಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ, ಅಭ್ಯಾಸವಿದೆಯಲ್ಲ.

ನಿನ್ನೆ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ಇವರು ಬಂದು, "ಅಮ್ಮ ಭಾನುವಾರ ಬರ್ತಾಳಂತೆ. ನೀನು ತಪ್ಪಾಯ್ತು ಅಂತ ಒಂದು ಮಾತು ಅಂದ್ರೆ ಸಾಕಂತೆ" ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಂತರು. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ನಿಮ್ಮ ಮಗನನ್ನು ಮೀರಿಸಿದವರಿಲ್ಲ. ಸೋಮವಾರಕ್ಕೆ ನನ್ನ ಹೆರಿಗೆ ರಜೆ ಮುಗಿಯುತ್ತದೆ, ಸರ್ವೇ ಕಚೇರಿಗೆ ಹೋಗಿ ನಕ್ಷೆಯ ಮೇಜಿನ ಮುಂದೆ ಕೂರಲೇಬೇಕು, ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕು. ಇದೆಲ್ಲ ನಿಮಗೆ ಗೊತ್ತಿದೆ. "ಹಗ್ಗ ಉದ್ದ ಬಿಟ್ಟಿದೀನಿ, ತಾನೇ ಬಂದು ಗೂಟ ಸುತ್ತುತ್ತಾಳೆ" ಎಂದು ಹೊರಡುವ ದಿನ ಕೆಳಮನೆಯ ಟೈಲರಮ್ಮನಿಗೆ ಹೇಳಿದಿರಂತೆ. ಆಕೆ ಹಲ್ಲಿನಲ್ಲಿ ದಾರ ಕಡಿಯುತ್ತ ನನಗೆ ಅದನ್ನು ಒಪ್ಪಿಸಿದಳು. ನಿವೃತ್ತರಾದರೂ ಆಕೆಗೆ ನೀವು ಇನ್ನೂ ಮಿಸ್ಸೇ, ಮಿಸ್ಸು ಹೇಳಿದ್ದರಲ್ಲಿ ಒಂದಕ್ಷರ ಬಿಡಲಿಲ್ಲ.

ಪಾಪು ಹುಟ್ಟಿದಾಗ ನನಗೆ ಆಸ್ಪತ್ರೆಯಿಂದ ಬೇಗ ಬರಲಾಗಲಿಲ್ಲ, ಆಗ ಮನೆಯನ್ನೂ ದೊಡ್ಡವಳು ಗುಬ್ಬಿಯನ್ನೂ ನೋಡಿಕೊಂಡವರು ನೀವು. ಅದನ್ನು ಅಲ್ಲಗಳೆಯುವಷ್ಟು ಕೃತಘ್ನಳಲ್ಲ. ಆದರೆ ಮನೆಗೆ ಬಂದು ನೋಡಿದರೆ ನನ್ನ ಮಗಳು ಊಟಕ್ಕೆ ಕೂತಿರಲಿಲ್ಲ, ಪರೀಕ್ಷೆಗೆ ಕೂತಿದ್ದಳು. ತುತ್ತಿಗೊಂದು ಇಂಗ್ಲಿಷ್ ಪದ. ಮೊದಲು ಮೂರಕ್ಷರದವು: ಕ್ಯಾಟ್, ಹೆನ್, ಕಪ್. ಅವು ಮುಗಿದ ಮೇಲೆ ನಾಲ್ಕಕ್ಷರ. ಅದೂ ಬಂದ ಮೇಲೆ ನೀವು ಹೇಳಿದ ಅಕ್ಷರ ಒಳಗಿರಬೇಕು. ಪ್ಲಾಸ್ಟಿಕ್ ಅಕ್ಷರಗಳನ್ನು ತಟ್ಟೆಯ ಪಕ್ಕ ಉಪ್ಪಿನಂತೆ ಬಡಿಸಿಡುತ್ತಿದ್ದಿರಿ. ನಾಲ್ಕು ತುಂಬದ ಹುಡುಗಿಗೆ ಕಾಗುಣಿತವೇನು ಗೊತ್ತು? ನಿಮ್ಮ ಮುಖ ನೋಡಿ ಗಿಳಿಯ ಹಾಗೆ ಉರು ಹೊಡೆಯುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಯಾರೋ ನಮ್ಮ ಮನೆಯ ಊಟದ ಮೇಜು ನೋಡಿಯೇ ಕಟ್ಟಿರಬೇಕು.

ಒಂದು ದಿನ ನಾನು ಪಕ್ಕದ ಕೋಣೆಯಲ್ಲಿ ಪಾಪುವಿಗೆ ಹಾಲು ಕುಡಿಸುತ್ತಿದ್ದೆ, ಬಾಗಿಲು ತೆರೆದಿತ್ತು. ನಾಲ್ಕಕ್ಷರ, ಒಳಗೆ ಎರಡು ಓ ಎಂದು ಕೇಳಿದಿರಿ. ಮೂನ್ ಆಗಿತ್ತು, ರೂಮ್ ಆಗಿತ್ತು. ಅವಳು ಸುತ್ತ ನೋಡಿದಳು, ಬಾಯಿಯ ಮುಂದೆಯೇ ಇದ್ದ ಚಮಚ ಕಂಡಿತು, ಮುಖವೆಲ್ಲ ಅರಳಿ "ಸ್ಪೂನ್!" ಎಂದಳು. ನೀವು ಬೆರಳು ಮಡಿಸಿ ಎಣಿಸಿ, "ಐದಾಯ್ತು, ನಡೆಯಲ್ಲ" ಎಂದು ಚಮಚವನ್ನು ತಟ್ಟೆಗೆ ಇಳಿಸಿದಿರಿ. ಅವಳ ಬಾಯಿ ಇನ್ನೂ ತೆರೆದೇ ಇತ್ತು, ಅತ್ತೆ. ನಾನು, "ಅವಳಿಗೆ ಹಸಿವಾಗಿದೆ" ಎಂದೆ. "ಹಸಿದಾಗಲೇ ತಲೆಗೆ ಹತ್ತೋದು. ನಿನ್ನ ಗಂಡನ್ನ ಹೀಗೇ ಅಲ್ವಾ ಬೆಳೆಸಿದ್ದು?" ಎಂದಿರಿ. ಮದುವೆಯಾದಾಗಿನಿಂದ ಈ ಮನುಷ್ಯ ಯಾಕೆ ಅಡುಗೆಮನೆಯಲ್ಲಿ ನಿಂತುಕೊಂಡೇ, ಗೋಡೆ ನೋಡುತ್ತ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಉಣ್ಣುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ. ಅವತ್ತು ಗೊತ್ತಾಯಿತು.

ಆಮೇಲಿನದನ್ನು ನೀವು ಊರಿಗೆಲ್ಲ ಬೇರೆ ಥರ ಹೇಳಿದ್ದೀರಿ, ನಡೆದದ್ದು ಹೀಗೆ. ನಾನು ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಪಾಪು ಕಿರುಚುತ್ತಿದ್ದ, ಅದು ಹಸಿವಿನ ಅಳು, ತಾಯಿಗೆ ತಿಳಿಯುತ್ತದೆ. ಓಡಿ ಬಂದೆ. ಗುಬ್ಬಿ ತೊಟ್ಟಿಲ ಪಕ್ಕ ಸ್ಟೂಲು ಹತ್ತಿ ನಿಂತಿದ್ದಳು. ಹಾಲಿನ ಬಾಟಲಿಯನ್ನು ಅವನ ತುಟಿಯ ಹತ್ತಿರ ತಂದು, ಮತ್ತೆ ಹಿಂದಕ್ಕೆ ಎಳೆದುಕೊಂಡು, ಥೇಟು ನಿಮ್ಮದೇ ದನಿಯಲ್ಲಿ "ನಾಲ್ಕಕ್ಷರ ಹೇಳು. ಒಳಗೆ ಎರಡು ಓ" ಎನ್ನುತ್ತಿದ್ದಳು. ನಾನು ಬಾಟಲಿ ಕಿತ್ತುಕೊಂಡರೆ ತಬ್ಬಿಬ್ಬಾಗಿ ನನ್ನ ಕೈ ಹಿಡಿದು, "ಅವನಿಗೆ ಬರಲ್ಲಮ್ಮ, ಕೊಡಬೇಡ" ಎಂದಳು. ನೀವು ಅಲ್ಲೇ ಕುರ್ಚಿಯಲ್ಲಿ ಕೂತು ನಗುತ್ತಿದ್ದಿರಿ. "ನೋಡೇ, ನನ್ನನ್ನೇ ಮೀರಿಸ್ತಾಳೆ!" ಎಂದಿರಿ. ಆ ನಗುವಿಗೇ ನಾನು ಅಕ್ಷರಗಳನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಸುರಿದದ್ದು. ದೊಡ್ಡವರ ಮುಂದೆ ಏರುದನಿಯಲ್ಲಿ ಕೂಗಿದೆ, ನಿಜ. ಈಗಲೂ ಕೂಗುತ್ತೇನೆ.

ಗುಬ್ಬಿ ಈಗ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತಾಳೆ, ನುಂಗುವುದಿಲ್ಲ. ಯಾರಾದರೂ ಮಾತಾಡಿದರೆ ತಟ್ಟೆಯನ್ನು ದೂರ ತಳ್ಳುತ್ತಾಳೆ. ಮಕ್ಕಳ ಡಾಕ್ಟರು ಅವಳನ್ನು ತೂಗಿ ಹುಬ್ಬು ಗಂಟಿಕ್ಕಿದರು. "ಊಟದ ಹೊತ್ತಲ್ಲಿ ಏನೂ ಕೇಳಬೇಡಿ. ರುಚಿಯಾಗಿದೆಯಾ ಅಂತಲೂ ಕೇಳಬೇಡಿ" ಎಂದರು. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಊಟವೆಂದರೆ ಮೌನ. ನೀವು ಮೂವತ್ತು ವರ್ಷ ಸಾವಿರ ಮಕ್ಕಳಿಗೆ ಪಾಠ ಹೇಳಿದವರು, ನಿಮ್ಮ ಹೆಸರು ಹೇಳಿ ಬದುಕು ಕಟ್ಟಿಕೊಂಡವರು ಬೇಕಾದಷ್ಟಿರಬಹುದು. ಇರಲಿ. ಅವರು ಬುತ್ತಿಯನ್ನು ಮನೆಯಿಂದ ತರುತ್ತಿದ್ದರು, ಅವರ ತುತ್ತು ನಿಮ್ಮ ಕೈಯಲ್ಲಿರಲಿಲ್ಲ.

ತಪ್ಪಾಯಿತು ಎನ್ನುವುದಿಲ್ಲ. ಭಾನುವಾರ ಬರಬೇಡಿ. ನಾದಿನಿಗೆ ನನ್ನ ನೆನಪು ತಿಳಿಸಿ. ಎಣ್ಣೆಯನ್ನು ಬಿಸಿ ಮಾಡಿಯೇ ಹಚ್ಚಿಕೊಳ್ಳಿ. ದೊಡ್ಡವರು, ನಮಸ್ಕಾರ ಎಂದು ಬರೆಯಲೇಬೇಕು, ನಮಸ್ಕಾರ.

ನಿಮ್ಮ ಸೊಸೆ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಹೇಳಿಬಿಡಬೇಕು. ಸೋಮವಾರದಿಂದ ಮಕ್ಕಳನ್ನು ನೋಡಿಕೊಳ್ಳುವವರು ನಿಮ್ಮ ಮಗನೇ. ಸಂಬಳವಿಲ್ಲದ ರಜೆ ಹಾಕಿ ಬಂದಿದ್ದಾರೆ. ನಾನು ಹೇಳಿಕೊಟ್ಟದ್ದಲ್ಲ, ಇವತ್ತು ಬೆಳಿಗ್ಗೆಯವರೆಗೆ ನನಗೂ ಗೊತ್ತಿರಲಿಲ್ಲ. ನಿಮಗೆ ತಾವೇ ಹೇಳುವುದಾಗಿ ನನ್ನೆದುರೇ ನಂಬರು ಒತ್ತಿದರು. ನೀವು "ಹೇಳು" ಎಂದ ಕೂಡಲೇ "ಏನಿಲ್ಲಮ್ಮ, ಸುಮ್ನೆ ಮಾಡ್ದೆ" ಎಂದು ಇಟ್ಟುಬಿಟ್ಟರು. ಆಮೇಲೆ ನನ್ನ ಹತ್ತಿರ ಬಂದು "ನೀನೇ ಬರೆದುಬಿಡು" ಎಂದರು. ದಯವಿಟ್ಟು ಫೋನ್ ಮಾಡಿ ಅವರನ್ನು ಕೇಳಬೇಡಿ. ನೀವು ಕೇಳಿದರೆ ಅವರು ಬಾ ಎಂದುಬಿಡುತ್ತಾರೆ.